ಜೇಡಿನೆಲದ ಮೇಲೆ ಕಾಂಕ್ರೀಟ್ ಅಂಗಳ: ಬಾಟನಿ ಡೌನ್ಸ್‌ನಿಂದ ಬಂದ ಒಂದು ಪ್ರಶ್ನೆ

ಈ ಸಲದ ಸಂಚಿಕೆ ನ್ಯೂಜಿಲೆಂಡಿನಿಂದ ಬಂದ ಒಂದು ಪ್ರಶ್ನೆಯ ಸುತ್ತ. ಆಕ್ಲೆಂಡ್ ನಗರದ ಪೂರ್ವ ಭಾಗದಲ್ಲಿ ಬಾಟನಿ ಡೌನ್ಸ್ ಅಂತ ಒಂದು ಬಡಾವಣೆ ಇದೆ. ಹೌವಿಕ್, ಪಕುರಂಗ ಇವೆಲ್ಲ ಅದರ ಅಕ್ಕಪಕ್ಕದವು. ಅಲ್ಲಿರುವ ಕೇಳುಗರೊಬ್ಬರು ಬರೆದಿರೋದು ಇಷ್ಟು. ಮನೆ ಮುಂದಿನ ಹುಲ್ಲುಹಾಸಿನ ಒಂದು ಭಾಗ ತೆಗೆದು ಎರಡು ಕಾರು ನಿಲ್ಲುವಷ್ಟು, ಅಂದ್ರೆ ಸುಮಾರು 6 ಮೀಟರ್ ಉದ್ದ, 6 ಮೀಟರ್ ಅಗಲದ ಕಾಂಕ್ರೀಟ್ ಅಂಗಳ ಮಾಡಿಸಬೇಕು. ಇಬ್ಬರು ಗುತ್ತಿಗೆದಾರರು ದರ ಹೇಳಿ ಹೋಗಿದ್ದಾರೆ. ಒಬ್ಬರು 20 ಮೆಗಾಪಾಸ್ಕಲ್ ಕಾಂಕ್ರೀಟ್ ಸಾಕು ಅಂತಾರೆ. ಇನ್ನೊಬ್ಬರು 30 ಹಾಕಿಸಿಬಿಡಿ, ಬಿರುಕಿನ ಚಿಂತೆಯೇ ಇರಲ್ಲ ಅಂತಾರೆ. ಆದರೆ ಅದೇ ಬೀದಿಯಲ್ಲಿ ಕೆಲವೇ ವರ್ಷದ ಹಿಂದೆ ಹಾಕಿದ ಒಂದು ಅಂಗಳ ಮೂರು ಹೋಳಾಗಿದೆ, ಒಂದು ಹೋಳು ಪಕ್ಕದ ಹೋಳಿಗಿಂತ ಎರಡು ಬೆರಳು ಮೇಲೆದ್ದು ಕೂತಿದೆ. ಊರಿಂದ ಬಂದು ಜೊತೆಗಿರುವ ಅತ್ತೆಯವರು ವಾಕರ್ ಹಿಡಿದು ಬಾಗಿಲಿಂದ ಕಾರಿನ ತನಕ ನಡೀಬೇಕು. ನಮ್ಮ ಅಂಗಳದಲ್ಲಿ ಅಂಥ ಮೆಟ್ಟಿಲು ಏಳದ ಹಾಗೆ ಏನು ಮಾಡೋದು?

ಪ್ರಶ್ನೆಯ ಕೊನೆಯ ಭಾಗವೇ ನಮಗೆ ದಾರಿ ತೋರಿಸ್ತು. ಬಾಳಿಕೆ ಬರೋದು ಅಂದ್ರೆ ಏನು ಅನ್ನೋದನ್ನ ಅದು ಸರಿಯಾಗಿ ಹೇಳುತ್ತೆ. ಕೂದಲೆಳೆಯಂಥ ಬಿರುಕು ನೋಡೋಕೆ ಬೇಸರ, ಆದರೆ ನಡೆಯುವವರಿಗೆ ತೊಂದರೆ ಇಲ್ಲ. ಬಿರುಕಿನ ಎರಡು ಬದಿ ಬೇರೆ ಬೇರೆ ಎತ್ತರಕ್ಕೆ ಹೋದಾಗ ಮಾತ್ರ ವಾಕರ್ ತಡೆಯುತ್ತೆ, ನೀರು ನಿಲ್ಲುತ್ತೆ, ಆ ನೀರು ಬಿರುಕಿನೊಳಗೆ ಇಳಿದು ಇನ್ನಷ್ಟು ಹಾಳು ಮಾಡುತ್ತೆ. ಹಾಗಾದ್ರೆ ಒಂದು ಹೋಳನ್ನ ಮೇಲೆತ್ತಿದ್ದು ಯಾರು? ಕಾರಂತೂ ಅಲ್ಲ, ಕಾರು ಕೆಳಕ್ಕೆ ತಾನೇ ಒತ್ತೋದು. ಎತ್ತಿದ್ದು ಮಣ್ಣು.

ಆಕ್ಲೆಂಡ್ ಅಂದರೆ ಜ್ವಾಲಾಮುಖಿಗಳ ಊರು, 50ಕ್ಕೂ ಹೆಚ್ಚು ಸಣ್ಣ ಜ್ವಾಲಾಮುಖಿಗಳು ನಗರದ ಒಳಗೇ ಇವೆ. ಮೌಂಟ್ ಈಡನ್ ಕಡೆ ಎಷ್ಟೋ ಮನೆಗಳ ಕೆಳಗೆ ಗಟ್ಟಿ ಬಸಾಲ್ಟ್ ಬಂಡೆ. ಅಲ್ಲಿ ಗುಂಡಿ ತೋಡೋದೇ ಕಷ್ಟ. ಬಾಟನಿ ಡೌನ್ಸ್‌ನ ಸುತ್ತಮುತ್ತಲೂ ಪಿಜನ್ ಮೌಂಟನ್, ಗ್ರೀನ್ ಮೌಂಟ್‌ನಂಥ ಜ್ವಾಲಾಮುಖಿ ಗುಡ್ಡಗಳು ಇವೆ. ಆದರೆ ಈ ಭಾಗದ ಬಹುಪಾಲು ನೆಲದ ಕಥೆ ಬೇರೆ. ಸುಮಾರು 2 ಕೋಟಿ ವರ್ಷದ ಹಿಂದೆ ಇಲ್ಲಿ ಆಳವಾದ ಸಮುದ್ರ ಇತ್ತು. ಅದರ ತಳದಲ್ಲಿ ಮರಳು, ಹೂಳು ಪದರ ಪದರವಾಗಿ ಕೂತು ಕಲ್ಲಾಯ್ತು. ಭೂವಿಜ್ಞಾನಿಗಳು ಅದನ್ನ ವೈಟೆಮಟಾ ಗುಂಪಿನ ಶಿಲೆ ಅಂತ ಕರೀತಾರೆ. ಆಕ್ಲೆಂಡಿನ ಕಡಲತೀರದ ಬಂಡೆಗಳಲ್ಲಿ ಪುಸ್ತಕದ ಹಾಳೆ ಜೋಡಿಸಿದಂತೆ ಪದರಗಳು ಕಾಣ್ತಾವಲ್ಲ, ಅದೇ. ಈ ಕಲ್ಲು ಮೆತ್ತನೆಯದು. ಮಳೆ, ಬೆಚ್ಚಗಿನ ಹವೆಗೆ ಸಿಕ್ಕಿ ಮೇಲಿನ ಹಲವು ಮೀಟರ್ ಕೊಳೆತು ಜೇಡಿಮಣ್ಣಾಗಿದೆ. ತಗ್ಗು ಜಾಗಗಳಲ್ಲಿ ಅದರ ಮೇಲೆ ಹೊಳೆಗಳು ತಂದು ಹಾಕಿದ ಹೂಳಿನ ಪದರವೂ ಸೇರಿದೆ.

ಜೇಡಿ ಅಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಜೇಡಿಯ ಕಣ ಅಂದರೆ ತೆಳು ಹಾಳೆಗಳ ಕಟ್ಟು. ಕುಂಬಾರರಿಗೆ ಪ್ರಿಯವಾದ ಕೆಯೊಲಿನೈಟ್ ಜಾತಿಯಲ್ಲಿ ಈ ಹಾಳೆಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರ್ತವೆ, ನಡುವೆ ನೀರು ನುಗ್ಗಲ್ಲ. ಸ್ಮೆಕ್ಟೈಟ್ ಜಾತಿಯಲ್ಲಿ ಹಾಳೆಗಳ ನಡುವಿನ ಹಿಡಿತ ದುರ್ಬಲ. ನೀರು ಒಳಗೆ ಹೋಗುತ್ತೆ, ಹಾಳೆಗಳು ದೂರ ಸರಿಯುತ್ತವೆ, ಮಣ್ಣು ಉಬ್ಬುತ್ತೆ. ಒಣಗಿದಾಗ ಅದೇ ಹಾಳೆಗಳು ಹತ್ತಿರ ಬಂದು ಮಣ್ಣು ಕುಗ್ಗಿ ಸೀಳುತ್ತೆ. ಒಂದು ಗ್ರಾಂ ಕೆಯೊಲಿನೈಟಿನ ಹಾಳೆಗಳನ್ನೆಲ್ಲ ಬಿಡಿಸಿ ಹಾಸಿದರೆ 10 ರಿಂದ 20 ಚದರ ಮೀಟರ್ ಆಗಬಹುದು. ಸ್ಮೆಕ್ಟೈಟ್ ಜಾತಿಯ ಮಾಂಟ್‌ಮೊರಿಲೊನೈಟ್ ಆದರೆ 800 ಚದರ ಮೀಟರ್ ಹತ್ತಿರ! ಒಂದು ಚಿಟಿಕೆ ಮಣ್ಣಿನಲ್ಲಿ ಎರಡು ಬಾಸ್ಕೆಟ್‌ಬಾಲ್ ಅಂಗಳಕ್ಕೆ ಸ್ವಲ್ಪವೇ ಕಡಿಮೆ ಇರುವಷ್ಟು ಮೇಲ್ಮೈ. ನೀರು ಅಂಟಿಕೊಳ್ಳೋದು ಆ ಮೇಲ್ಮೈಗೇ.

ಆಕ್ಲೆಂಡಿನ ಜೇಡಿಯಲ್ಲಿ ಈ ಎರಡೂ ಜಾತಿಗಳು ಬೇರೆ ಬೇರೆ ಪಾಲಿನಲ್ಲಿ ಬೆರೆತಿವೆ. ಹಾಗಾಗಿ ಒಂದು ಬೀದಿಯ ಮಣ್ಣು ತೆಪ್ಪಗಿರಬಹುದು, ಪಕ್ಕದ ಬೀದಿಯದ್ದು ವರ್ಷಕ್ಕೆರಡು ಸಲ ಉಸಿರಾಡಬಹುದು. ನ್ಯೂಜಿಲೆಂಡಿನಲ್ಲಿ ಮರದ ಚೌಕಟ್ಟಿನ ಮನೆ ಕಟ್ಟೋಕೆ ಇರುವ ಎನ್‌ಝಡ್‌ಎಸ್ 3604 ಎಂಬ ಮಾನದಂಡ ಇದಕ್ಕೆ ಒಂದು ಗೆರೆ ಎಳೆದಿದೆ. ಪ್ರಯೋಗಾಲಯದಲ್ಲಿ ಮಣ್ಣಿನ ದ್ರವಮಿತಿ 50 ಶೇಕಡಾ ದಾಟಿ, ಒಣಗಿದಾಗ ಉದ್ದದಲ್ಲಿ 15 ಶೇಕಡಾಕ್ಕಿಂತ ಹೆಚ್ಚು ಕುಗ್ಗಿದರೆ ಅದು ಹಿಗ್ಗುವ ಮಣ್ಣು, ಅದನ್ನ ‘ಒಳ್ಳೆಯ ನೆಲ’ ಅಂತ ಪರಿಗಣಿಸುವ ಹಾಗಿಲ್ಲ.

ಇದರ ಒಂದು ಒರಟು ಅಂದಾಜು ಮನೆಯಲ್ಲೇ ಮಾಡಬಹುದು. ಹುಲ್ಲಿನ ಬೇರು ದಾಟಿ, ಒಂದೂವರೆ ಅಡಿ ಕೆಳಗಿನ ಮಣ್ಣು ತೆಗೀರಿ. ನೀರು ಹಾಕಿ ಚಪಾತಿ ಹಿಟ್ಟಿಗಿಂತ ಸ್ವಲ್ಪ ಸಡಿಲವಾಗಿ ನಾದಿ, 15 ಸೆಂಟಿಮೀಟರ್ ಉದ್ದದ ಪಟ್ಟಿ ಮಾಡಿ ನೆರಳಲ್ಲಿ ಪೂರ್ತಿ ಒಣಗೋಕೆ ಬಿಡಿ. ಒಣಗಿದ ಮೇಲೆ ಅಳೆಯಿರಿ. ಎರಡು ಸೆಂಟಿಮೀಟರಿಗಿಂತ ಹೆಚ್ಚು ಕುಗ್ಗಿದ್ದರೆ ಒಬ್ಬ ಜಿಯೋಟೆಕ್ನಿಕಲ್ ಎಂಜಿನಿಯರನ್ನ ಕರೆಸೋದು ವ್ಯರ್ಥ ಖರ್ಚಲ್ಲ. ಇದು ಪ್ರಯೋಗಾಲಯದ ಪರೀಕ್ಷೆಗೆ ಸಮ ಅಲ್ಲ. ಆದರೆ ಗುತ್ತಿಗೆದಾರರ ಜೊತೆ ಮಾತಾಡುವಾಗ ಕೈಯಲ್ಲಿ ಒಂದು ಸಾಕ್ಷಿ ಇರುತ್ತೆ.

ಉತ್ತರ ಕರ್ನಾಟಕದ ಕೇಳುಗರು ಇಷ್ಟು ಹೊತ್ತಿಗೆ ನಗ್ತಿರಬಹುದು. ಇದೆಲ್ಲ ನಮ್ಮ ಎರೆ ಹೊಲದ ಕಥೆನೇ ಅಲ್ವಾ ಅಂತ. ಹೌದು. ಗದಗ, ಬಾಗಲಕೋಟೆ, ವಿಜಯಪುರ, ರಾಯಚೂರಿನ ಎರೆಮಣ್ಣಿನಲ್ಲಿ ಸ್ಮೆಕ್ಟೈಟ್ ಪಾಲು ಬಹಳ ಹೆಚ್ಚು. ಬೇಸಿಗೆಯಲ್ಲಿ ಹೊಲ ಬಾಯಿ ಬಿಟ್ಟರೆ ಆ ಬಿರುಕಿನೊಳಗೆ ಕೈ ಇಳಿಯುತ್ತೆ. ಹಿಂಗಾರಿ ಜೋಳದಲ್ಲಿ ರೈತರು ಮತ್ತೆ ಮತ್ತೆ ಎಡೆಕುಂಟೆ ಹೊಡೆದು ಆ ಬಿರುಕು ಮುಚ್ಚೋದು ಯಾಕೆ? ಮೇಲೆ ಪುಡಿಮಣ್ಣಿನ ಹೊದಿಕೆ ಇದ್ದರೆ ಕೆಳಗಿನ ಹಸಿ ಆರಲ್ಲ ಅಂತ. ಈ ತಿಳಿವಳಿಕೆ ಕಾಂಕ್ರೀಟಿಗೂ ಬರುತ್ತೆ, ಹೇಗೆ ಅಂತ ನೋಡೋಣ.

ನೆಲದ ಮೇಲೆ ಕಾಂಕ್ರೀಟ್ ಹಾಸಿದ ಕೂಡಲೇ ಅದರ ಕೆಳಗಿನ ಮಣ್ಣಿಗೆ ಮುಚ್ಚಳ ಹಾಕಿದಂತಾಗುತ್ತೆ. ನಡುಭಾಗದ ಮಣ್ಣು ಬಿಸಿಲು ಕಾಣಲ್ಲ, ಅದರ ಹಸಿ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮ. ಅಂಚಿನ ಮಣ್ಣಿಗೆ ಆ ಭಾಗ್ಯ ಇಲ್ಲ. ಜನವರಿ–ಫೆಬ್ರವರಿಯ ಬೇಸಿಗೆಯಲ್ಲಿ ಅಂಚು ಒಣಗಿ ಕುಗ್ಗುತ್ತೆ, ಚಪ್ಪಡಿಯ ಅಂಚು ಆಧಾರವಿಲ್ಲದೆ ಗಾಳಿಯಲ್ಲಿ ನಿಲ್ಲುತ್ತೆ. ಜುಲೈ–ಆಗಸ್ಟಿನ ಮಳೆಯಲ್ಲಿ ಅಂಚು ನೀರು ಕುಡಿದು ಉಬ್ಬಿ, ಚಪ್ಪಡಿಯ ಅಂಚನ್ನ ಮೇಲೆತ್ತುತ್ತೆ. ಆಕ್ಲೆಂಡಿನಲ್ಲಿ ವರ್ಷವಿಡೀ ಮಳೆ ಬರುತ್ತಲ್ಲ ಅಂತ ಕೇಳಬಹುದು. ಬರುತ್ತೆ, ಆದರೆ ಬೇಸಿಗೆಯಲ್ಲಿ ಬಂದದ್ದಕ್ಕಿಂತ ಆವಿಯಾಗಿ ಹೋಗುವುದೇ ಹೆಚ್ಚು. 2020ರ ಮೇ ತಿಂಗಳಲ್ಲಿ ಬರದಿಂದಾಗಿ ನಗರದಲ್ಲಿ ನೀರಿನ ಬಳಕೆಗೇ ನಿರ್ಬಂಧ ಬಂತು. 2023ರ ಜನವರಿ 27ರಂದು ಇದೇ ನಗರದ ವಿಮಾನ ನಿಲ್ದಾಣದಲ್ಲಿ ಒಂದೇ ದಿನ 240 ಮಿ.ಮೀ.ಗೂ ಹೆಚ್ಚು ಮಳೆ ಸುರಿದು ಪ್ರವಾಹ ಆಯ್ತು. ಮೂರು ವರ್ಷದೊಳಗೆ ಒಂದೇ ಮಣ್ಣು ಈ ಎರಡನ್ನೂ ಕಂಡಿದೆ.

ಈಗ 20 ಬೇಕಾ 30 ಬೇಕಾ ಅನ್ನೋ ಪ್ರಶ್ನೆಗೆ ಬರೋಣ. ಸ್ವಲ್ಪ ಲೆಕ್ಕ ಮಾಡೋಣ, ಒರಟು ಲೆಕ್ಕವೇ ಸಾಕು.

ಮೊದಲು ಉಬ್ಬುವ ಲೆಕ್ಕ. 125 ಮಿ.ಮೀ. ದಪ್ಪದ ಚಪ್ಪಡಿ ತನ್ನ ಭಾರದಿಂದ ಮಣ್ಣನ್ನ ಒತ್ತೋದು ಚದರ ಮೀಟರಿಗೆ 300 ಕಿಲೋ, ಅಂದ್ರೆ ಸುಮಾರು 3 ಕಿಲೋಪಾಸ್ಕಲ್. ಎರೆಮಣ್ಣಿನಂಥ ಜೋರಾದ ಜೇಡಿಯನ್ನ ಒಂದು ಪೆಟ್ಟಿಗೆಯಲ್ಲಿ ಬಿಗಿದು ನೀರು ಕುಡಿಸಿದರೆ ಅದು ಒತ್ತುವ ಒತ್ತಡ 100 ಕಿಲೋಪಾಸ್ಕಲ್ ದಾಟೋದು ಅಪರೂಪವಲ್ಲ. ಅಂದ್ರೆ ಚದರ ಮೀಟರಿಗೆ 10 ಟನ್. ಭಾರ ಹಾಕಿ ಮಣ್ಣನ್ನ ಅದುಮಿ ಇಡ್ತೀವಿ ಅನ್ನೋ ಆಸೆಯನ್ನ ಇಲ್ಲಿಗೇ ಬಿಡಬೇಕು.

ಈಗ ಬೇಸಿಗೆಯ ಲೆಕ್ಕ. ಅಂಚಿನಿಂದ 1 ಮೀಟರ್ ಒಳಗಿನವರೆಗೆ ಮಣ್ಣು ಕುಗ್ಗಿ ಆಧಾರ ಬಿಟ್ಟಿದೆ ಅಂತ ಇಟ್ಟುಕೊಳ್ಳಿ. ಆ ಅಂಚಿನ ಮೇಲೆ ಕಾರಿನ ಒಂದು ಚಕ್ರ ನಿಂತಿದೆ, ಅದರ ಭಾರ 500 ಕಿಲೋ, ಅದು 1 ಮೀಟರ್ ಅಗಲಕ್ಕೆ ಹಂಚಿಹೋಗುತ್ತೆ ಅಂತಲೂ ಇಟ್ಟುಕೊಳ್ಳೋಣ. ಚಪ್ಪಡಿ ಬಾಗುವಾಗ ಅದರ ಮೇಲ್ಮುಖ ಎಳೆತಕ್ಕೆ ಸಿಗುತ್ತೆ. 100 ಮಿ.ಮೀ. ದಪ್ಪ ಇದ್ದರೆ ಆ ಎಳೆತ ಸುಮಾರು 3.7 ಮೆಗಾಪಾಸ್ಕಲ್. ಕಾಂಕ್ರೀಟ್ ಒತ್ತಡಕ್ಕೆ ಗಟ್ಟಿ, ಎಳೆತಕ್ಕೆ ಬಲು ದುರ್ಬಲ. 20ರ ಕಾಂಕ್ರೀಟ್ ಬಾಗುವಾಗ ತಡೆಯೋದು ಸುಮಾರು 2.7, 30ರದ್ದು ಸುಮಾರು 3.3. ಅಂದ್ರೆ ಎರಡೂ ಮುರಿಯುತ್ತವೆ! ಬಲವನ್ನ ಒಂದೂವರೆ ಪಟ್ಟು ಮಾಡಿದರೂ ಬಾಗುವಿಕೆಯನ್ನ ತಡೆಯುವ ಶಕ್ತಿ ಐದನೇ ಒಂದು ಭಾಗದಷ್ಟೇ ಏರುತ್ತೆ, ಯಾಕಂದ್ರೆ ಅದು ವರ್ಗಮೂಲದ ಲೆಕ್ಕದಲ್ಲಿ ಬೆಳೆಯೋದು.

ಅದೇ ದುಡ್ಡನ್ನ ದಪ್ಪಕ್ಕೆ ಹಾಕಿ ನೋಡಿ. 125 ಮಿ.ಮೀ. ಮಾಡಿದರೆ ಎಳೆತ 3.7ರಿಂದ 2.5ಕ್ಕೆ ಇಳಿಯುತ್ತೆ. 20ರ ಕಾಂಕ್ರೀಟೇ ಅಂಚಿನಲ್ಲಿ ಹೇಗೋ ಉಳಿಯುತ್ತೆ. ಇನ್ನೊಂದು ದಾರಿ, ಕಾಂಕ್ರೀಟನ್ನ ಮುಟ್ಟದೆ, ಮಣ್ಣು ಕುಗ್ಗುವ ಪಟ್ಟಿಯನ್ನ 1 ಮೀಟರಿನಿಂದ ಅರ್ಧ ಮೀಟರಿಗೆ ಇಳಿಸೋದು. ಆಗ 100 ಮಿ.ಮೀ. ಚಪ್ಪಡಿಯಲ್ಲೂ ಎಳೆತ 1.7, 125ರಲ್ಲಿ 1.1. ಅಂದ್ರೆ ಅರ್ಧಕ್ಕಿಂತ ಕಡಿಮೆ. ಅಂಚಿನ ಮಣ್ಣಿನ ಹಸಿಯನ್ನ ಕಾಯೋದು ಸಿಮೆಂಟಿಗಿಂತ ಅಗ್ಗ, ಪರಿಣಾಮವೂ ಹೆಚ್ಚು. ನಮ್ಮ ಉತ್ತರ ಇದೇ: 20 ಅಥವಾ 25 ಸಾಕು, 125 ಮಿ.ಮೀ. ದಪ್ಪ ಕೇಳಿ, ಉಳಿದ ಗಮನವನ್ನೆಲ್ಲ ನೀರಿನ ಮೇಲೆ ಇಡಿ.

ನೀರು ಅಂದ ಕೂಡಲೇ ಬಹಳ ಕಡೆ ಆಗುವ ಒಂದು ಎಡವಟ್ಟನ್ನ ಹೇಳಲೇಬೇಕು. ಹುಲ್ಲು ತೆಗೆದು, ಜೇಡಿಯಲ್ಲಿ ಒಂದಡಿ ಆಳದ ತಟ್ಟೆಯಂಥ ಗುಂಡಿ ತೋಡಿ, ಅದಕ್ಕೆ ಜಲ್ಲಿ ತುಂಬಿ, ಮೇಲೆ ಕಾಂಕ್ರೀಟ್ ಹಾಕ್ತಾರೆ. ಜಲ್ಲಿ ನೀರನ್ನ ಬಸಿಯುತ್ತೆ, ಒಳ್ಳೆಯದು ಅಂದುಕೊಳ್ತೀವಿ. ಬಸಿದು ಎಲ್ಲಿಗೆ? ಸುತ್ತಲೂ ಜೇಡಿ, ಕೆಳಗೂ ಜೇಡಿ. ಬಂದ ನೀರು ಅಲ್ಲೇ ನಿಲ್ಲುತ್ತೆ. ನಾವು ಕಟ್ಟಿದ್ದು ಜಲ್ಲಿ ತುಂಬಿದ ಬಾನಿ. ಆ ಬಾನಿಯ ತಳದ ಜೇಡಿ ಚಳಿಗಾಲವಿಡೀ ನೆನೆದು ಮೆತ್ತಗಾಗುತ್ತೆ, ಬೇಸಿಗೆಯಲ್ಲಿ ಅಂಚಿನಿಂದ ಒಣಗುತ್ತೆ.

ಇದೇ ಸಮಸ್ಯೆ ಭಾರತದಲ್ಲಿ ಎರೆಮಣ್ಣಿನ ಮೇಲಿನ ಕಾಲುವೆಗಳಲ್ಲಿ ಬಂದಿತ್ತು. ಉಬ್ಬುವ ಮಣ್ಣಿನ ಮೇಲೆ ಮರಳಿನ ಹಾಸು ಹಾಕಿದರೆ ಅದು ಮೆತ್ತೆಯಂತೆ ಕೆಲಸ ಮಾಡುತ್ತೆ ಅನ್ನೋದು ಹಳೆಯ ನಂಬಿಕೆ. ಮರಳು ನೀರನ್ನ ಸಲೀಸಾಗಿ ಒಳಗೆ ಬಿಡುತ್ತೆ, ಮಣ್ಣು ಇನ್ನೂ ಉಬ್ಬುತ್ತೆ. ಐಐಟಿ ಬಾಂಬೆಯ ಪ್ರೊಫೆಸರ್ ಆರ್.ಕೆ. ಕಟ್ಟಿ ಅವರು ವರ್ಷಗಟ್ಟಲೆ ಎರೆಮಣ್ಣನ್ನ ದೊಡ್ಡ ದೊಡ್ಡ ಪೆಟ್ಟಿಗೆಗಳಲ್ಲಿ ಪರೀಕ್ಷೆ ಮಾಡಿ ಬೇರೆ ದಾರಿ ತೋರಿಸಿದರು. ಉಬ್ಬದ, ಆದರೆ ತನ್ನಷ್ಟಕ್ಕೆ ಅಂಟಿಕೊಂಡು ನಿಲ್ಲುವ ಮಣ್ಣಿನ ಪದರ ಹಾಕಿ ದಮ್ಮಸ್ಸು ಮಾಡಿದರೆ ಕೆಳಗಿನ ಎರೆಮಣ್ಣಿನ ಉಬ್ಬು ಬಹಳ ಕಡಿಮೆಯಾಗುತ್ತೆ ಅಂತ. ನಮ್ಮ ಕಡೆ ಹೇಳೋ ಗರಸು ಮಣ್ಣು ಎಷ್ಟೋ ಸಲ ಈ ಕೆಲಸಕ್ಕೆ ಒಗ್ಗುತ್ತೆ. ಕರ್ನಾಟಕದ ಮಲಪ್ರಭಾ ಕಾಲುವೆ ಈ ವಿಧಾನ ಬಳಕೆಗೆ ಬಂದ ಜಾಗಗಳಲ್ಲಿ ಒಂದು. ಈಗ ಉಬ್ಬುವ ಮಣ್ಣಿನಲ್ಲಿ ಕಾಲುವೆಗೆ ಒಳಪದರ ಹಾಕೋದಕ್ಕೆ ಐಎಸ್ 9451 ಅನ್ನೋ ಭಾರತೀಯ ಮಾರ್ಗಸೂಚಿಯೇ ಇದೆ.

ಕಾಲುವೆಗೆ ಹಾಕುವಷ್ಟು ದಪ್ಪದ ಪದರವನ್ನ ಎರಡು ಕಾರಿನ ಅಂಗಳಕ್ಕೆ ಹಾಕೋದು ದುಡ್ಡಿನ ದೃಷ್ಟಿಯಿಂದ ಆಗದ ಮಾತು. ಪಾಠ ಮಾತ್ರ ತೆಗೆದುಕೊಳ್ಳೋಣ. ಸಡಿಲ ಜಲ್ಲಿ ಹಾಕಬೇಡಿ. ಧೂಳಿನಿಂದ ಹಿಡಿದು 40 ಮಿ.ಮೀ. ಕಲ್ಲಿನವರೆಗೆ ಎಲ್ಲ ಗಾತ್ರವೂ ಬೆರೆತಿರುವ ಜಲ್ಲಿಯನ್ನ ಅಲ್ಲಿ ಗ್ಯಾಪ್ 40 ಅಂತ ಮಾರ್ತಾರೆ. ಅದನ್ನ 100 ಮಿ.ಮೀ. ಪದರಗಳಾಗಿ ಹಾಕಿ, ಪ್ರತಿ ಪದರವನ್ನೂ ಪ್ಲೇಟ್ ಕಂಪ್ಯಾಕ್ಟರಿನಿಂದ ಕುಟ್ಟಿದರೆ ಗಟ್ಟಿ ಹಾಸಾಗುತ್ತೆ, ಒಳಗೆ ನೀರಿಗೆ ಜಾಗ ಕಡಿಮೆ. ಒಟ್ಟು 150 ರಿಂದ 200 ಮಿ.ಮೀ. ಇರಲಿ. ಗುಂಡಿಯ ತಳವನ್ನೇ ಒಂದು ಕಡೆಗೆ ಇಳಿಜಾರಾಗಿ ತೋಡಿಸಿ, ತಗ್ಗಿನ ಅಂಚಿನಲ್ಲಿ ತೂತಿರುವ ಕೊಳವೆ ಹೂತು ಅದನ್ನ ಮಳೆನೀರಿನ ಜಾಲಕ್ಕೆ ಸೇರಿಸಿ. ಬಾನಿಗೆ ಒಂದು ತೂಬು ಇಟ್ಟಂತೆ. ದರಪಟ್ಟಿಯಲ್ಲಿ ಈ ಕೊಳವೆಯ ಸಾಲು ಇಲ್ಲದಿದ್ದರೆ ಕೇಳಿ. ಜೇಡಿಗೂ ಜಲ್ಲಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದರೆ ಒದ್ದೆ ಜೇಡಿ ಜಲ್ಲಿಯೊಳಗೆ ಮೇಲೇರಿ ಬರಲ್ಲ. ಚಕ್ರ ಹೋದಾಗೆಲ್ಲ ಕೆಸರು ಪಂಪ್ ಹೊಡೆದಂತೆ ಮೇಲೆ ಬರೋದನ್ನ ಆ ಬಟ್ಟೆ ತಡೆಯುತ್ತೆ.

ತೋಡುವ ಕಾಲವೂ ಮುಖ್ಯ. ಫೆಬ್ರವರಿಯಲ್ಲಿ ಬಿರಿದ ನೆಲದ ಮೇಲೆ ಹಾಕಿದರೆ ಮೊದಲ ಮಳೆಗಾಲಕ್ಕೆ ಅಂಚು ಏಳುತ್ತೆ. ಆಗಸ್ಟಿನಲ್ಲಿ ನೆನೆದ ನೆಲದ ಮೇಲೆ ಹಾಕಿದರೆ ಕುಟ್ಟೋಕೂ ಆಗಲ್ಲ, ಮೊದಲ ಬೇಸಿಗೆಗೆ ಅಂಚು ಕುಸಿಯುತ್ತೆ. ಅಕ್ಟೋಬರ್–ನವೆಂಬರ್, ಇಲ್ಲವೇ ಏಪ್ರಿಲ್–ಮೇ ನಡುವಿನ ಕಾಲ ನಮ್ಮ ಆಯ್ಕೆ. ತೋಡಿದ ಜೇಡಿಯನ್ನ ವಾರಗಟ್ಟಲೆ ಬಿಸಿಲಿಗೋ ಮಳೆಗೋ ತೆರೆದಿಡಬೇಡಿ. ತೋಡಿದ ದಿನವೇ, ಹೆಚ್ಚೆಂದರೆ ಮರುದಿನ, ಬಟ್ಟೆ ಹಾಸಿ ಮೊದಲ ಪದರ ಜಲ್ಲಿ ಬೀಳಬೇಕು. ಹುಲ್ಲು, ಬೇರು, ಕಪ್ಪು ಮೇಲ್ಮಣ್ಣು ಒಂದು ಬುಟ್ಟಿಯಷ್ಟೂ ಉಳಿಯಬಾರದು, ಅದು ಕೊಳೆತು ಕುಸಿಯುತ್ತೆ. ನೆಲ ಎಷ್ಟು ಗಟ್ಟಿ ಅಂತ ನೋಡೋಕೆ ಅಲ್ಲಿ ಸ್ಕಾಲಾ ಪೆನೆಟ್ರೋಮೀಟರ್ ಬಳಸ್ತಾರೆ. 9 ಕಿಲೋ ಸುತ್ತಿಗೆಯನ್ನ 510 ಮಿ.ಮೀ. ಎತ್ತರದಿಂದ ಬಿಟ್ಟು, ಕಡ್ಡಿ 100 ಮಿ.ಮೀ. ಇಳಿಯೋಕೆ ಎಷ್ಟು ಪೆಟ್ಟು ಬೇಕು ಅಂತ ಎಣಿಸೋದು. ಸರಳ ಉಪಕರಣ, ಅಂಗಳದ ನಾಲ್ಕೈದು ಕಡೆ ಬಡಿದು ನೋಡಿದರೆ ಎಲ್ಲಿ ಹಳೆಯ ತುಂಬು ಮಣ್ಣು ಇದೆ ಅಂತ ಗೊತ್ತಾಗಿಬಿಡುತ್ತೆ. ಒಂದು ಕಡೆ ಗಟ್ಟಿ, ಒಂದು ಕಡೆ ಮೆತ್ತಗೆ ಇರೋದು ಎಲ್ಲ ಕಡೆಯೂ ಮೆತ್ತಗಿರೋದಕ್ಕಿಂತ ಕೆಟ್ಟದ್ದು. ಮೆಟ್ಟಿಲು ಹುಟ್ಟೋದು ವ್ಯತ್ಯಾಸದಿಂದ.

ಅಂಚಿಗೆ ಬರೋಣ. ಅಂಚಿನಲ್ಲಿ ಚಪ್ಪಡಿಯನ್ನ ಕೆಳಮುಖವಾಗಿ 250 – 300 ಮಿ.ಮೀ. ಆಳಕ್ಕೆ ದಪ್ಪ ಮಾಡಿಸಿದರೆ ಎರಡು ಲಾಭ. ಅಂಚು ಬಾಗಲ್ಲ, ಜೊತೆಗೆ ಪಕ್ಕದ ಮಣ್ಣು ಒಣಗಿದರೂ ಒಳಗಿನ ಹಸಿ ಅಷ್ಟು ಬೇಗ ಹೊರಗೆ ಹೋಗಲ್ಲ. ಚಪ್ಪಡಿಯ ಮೇಲ್ಮೈ 1:50 ಇಳಿಜಾರಿನಲ್ಲಿ ಮನೆಯಿಂದ ಆಚೆಗೆ ಹೋಗಲಿ, 6 ಮೀಟರಿಗೆ 120 ಮಿ.ಮೀ. ಇಳಿತ. ವಾಕರಿಗೆ ಇದು ತೊಂದರೆ ಕೊಡಲ್ಲ. ಒಂದು ಅಂಚಿಗೆ ಮಾತ್ರ ಹೂವಿನ ಪಾತಿ ಮಾಡಿ ದಿನಾ ನೀರು ಹಾಕೋದು, ಇನ್ನೊಂದು ಅಂಚನ್ನ ಒಣಗೋಕೆ ಬಿಡೋದು ಬೇಡ. ಮರ ಇನ್ನೂ ದೊಡ್ಡ ವಿಷಯ. ಬೆಳೆದ ಮರ ಬೇಸಿಗೆಯಲ್ಲಿ ಜೇಡಿಯಿಂದ ಬಹಳ ನೀರು ಹೀರುತ್ತೆ. ಮರ ಎಷ್ಟು ಎತ್ತರಕ್ಕೆ ಬೆಳೆಯುತ್ತೋ ಅಷ್ಟು ದೂರ ಇರಲಿ ಅನ್ನೋದು ಎಂಜಿನಿಯರುಗಳ ಹಳೆಯ ಲೆಕ್ಕ. ಪಟ್ಟಣದ ಸೈಟಿನಲ್ಲಿ ಅದು ಕನಸು, ಆದರೂ ಅಂಗಳದ ಅಂಚಿಗೇ ಹೊಸ ಮರ ನೆಡಬೇಡಿ. ಮನೆಯ ಚಾವಣಿಯ ನೀರಿನ ಕೊಳವೆ ಎಲ್ಲಾದರೂ ಅಂಗಳದ ಪಕ್ಕದ ಮಣ್ಣಿಗೆ ಸುರಿಯುತ್ತಾ ಅಂತಲೂ ನೋಡಿ. ಬಾಗಿಲಿಲ್ಲದ ಮನೆಗೆ ಬೀಗ ಹಾಕಿದಂತೆ ಆಗಬಾರದು ನಮ್ಮ ಕೆಲಸ.

ಇನ್ನು ಕಾಂಕ್ರೀಟ್. ಮಣ್ಣು ಅಲ್ಲಾಡದಿದ್ದರೂ ಕಾಂಕ್ರೀಟ್ ಒಣಗುತ್ತಾ ತಾನಾಗಿ ಕುಗ್ಗುತ್ತೆ. 6 ಮೀಟರಿನಲ್ಲಿ 3 ರಿಂದ 4 ಮಿ.ಮೀ. ಅಂತ ಇಟ್ಟುಕೊಳ್ಳಿ. ಕೆಳಗಿನ ಜಲ್ಲಿ ಅದನ್ನ ಹಿಡಿದುಕೊಂಡಿರುತ್ತೆ, ಹಾಗಾಗಿ ಬಿರುಕು ಬರೋದು ಖಚಿತ. ನಾವು ಮಾಡಬಹುದಾದ್ದು ಅದು ಎಲ್ಲಿ ಬರಬೇಕು ಅಂತ ತೀರ್ಮಾನಿಸೋದು. ಹಾಕಿದ ಒಂದು ದಿನದೊಳಗೆ ಗರಗಸದಿಂದ ದಪ್ಪದ ಕಾಲುಭಾಗದಷ್ಟು ಆಳಕ್ಕೆ ಗೆರೆ ಕೊಯ್ತಾರೆ. 6 ಮೀಟರ್ ಚೌಕವನ್ನ ಎರಡೂ ಕಡೆ ನಡುವೆ ಕೊಯ್ದರೆ 3 ಮೀಟರಿನ ನಾಲ್ಕು ಚೌಕ, ಸರಿಯಾಗಿ ಕೂರುತ್ತೆ. ಎರಡು ದಿನ ತಡ ಮಾಡಿದರೆ ಕಾಂಕ್ರೀಟ್ ನಿಮ್ಮ ಗೆರೆಗೆ ಕಾಯಲ್ಲ, ತನ್ನ ಗೆರೆ ಎಳೆದುಕೊಂಡಿರುತ್ತೆ.

ಕಬ್ಬಿಣದ ಮೆಶ್ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಮೆಶ್ ಬಿರುಕನ್ನ ತಡೆಯಲ್ಲ, ಬಿರುಕಿನ ಎರಡು ಬದಿಯನ್ನ ಹಿಡಿದಿಡುತ್ತೆ. ಅದಕ್ಕೆ ಅದು ಚಪ್ಪಡಿಯ ಮೇಲಿನ ಅರ್ಧದಲ್ಲಿರಬೇಕು. ಜಲ್ಲಿಯ ಮೇಲೆ ಮೆಶ್ ಮಲಗಿಸಿ, ಕಾಂಕ್ರೀಟ್ ಸುರಿಯುವಾಗ ಕೊಕ್ಕೆಯಿಂದ ಎತ್ತಿಬಿಡ್ತೀವಿ ಅನ್ನೋ ಮಾತು ನಂಬಬೇಡಿ, ಮೇಲೆ ಓಡಾಡುವವರ ಬೂಟಿನ ಕೆಳಗೆ ಅದು ಮತ್ತೆ ತಳಕ್ಕೆ ಹೋಗುತ್ತೆ. ಪ್ಲಾಸ್ಟಿಕ್ ಕಾಲುಗಳ ಮೇಲೆ ಮೊದಲೇ ಕೂರಿಸಿರಬೇಕು. ಮೆಟ್ಟಿಲು ಏಳದಂತೆ ತಡೆಯುವ ಇನ್ನೊಂದು ಸಾಧನ ಡೋವೆಲ್. ಹಳೆಯ ಡ್ರೈವ್‌ವೇಗೆ ಹೊಸ ಅಂಗಳ ಸೇರುವಲ್ಲಿ ನುಣುಪಾದ ಉಕ್ಕಿನ ಸರಳುಗಳನ್ನ ಅಡ್ಡಲಾಗಿ ಇಟ್ಟು, ಒಂದು ತುದಿ ಕಾಂಕ್ರೀಟಿಗೆ ಅಂಟದಂತೆ ತೋಳು ಹಾಕ್ತಾರೆ. ಚಪ್ಪಡಿಗಳು ಹತ್ತಿರ ದೂರ ಸರಿಯಬಹುದು, ಮೇಲೆ ಕೆಳಗೆ ಹೋಗಲಾರವು. ನಮ್ಮ ಕೇಳುಗರ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಇಲ್ಲ. ಆದರೆ ಕೇಳದೆ ಯಾರೂ ಹಾಕಲ್ಲ.

ಮನೆಯ ಗೋಡೆಗೆ ಮಾತ್ರ ಡೋವೆಲ್ ಬೇಡ. ಮನೆಯ ಅಡಿಪಾಯ ಬೇರೆ ಆಳದಲ್ಲಿದೆ, ಅದರ ಚಲನೆ ಬೇರೆ. ನಡುವೆ 10 ಮಿ.ಮೀ. ಫೋಮ್ ಪಟ್ಟಿ ಇಟ್ಟು ಬಿಡಿಸಿರಬೇಕು. ಎತ್ತರವನ್ನೂ ನೋಡಿ. ಮನೆಯ ಒಳನೆಲಕ್ಕಿಂತ ಹೊರಗಿನ ಕಾಂಕ್ರೀಟ್ ಕನಿಷ್ಠ 150 ಮಿ.ಮೀ. ಕೆಳಗಿರಬೇಕು, ಇಟ್ಟಿಗೆ ಹೊದಿಕೆಯ ಮನೆಗೆ 100 ಸಾಕು. ಅತ್ತೆಯವರಿಗೆ ಮೆಟ್ಟಿಲೇ ಬೇಡ ಅಂತ ಅಂಗಳವನ್ನ ಹೊಸ್ತಿಲ ಮಟ್ಟಕ್ಕೆ ಎತ್ತಿಸೋ ಆಸೆ ಸಹಜ. ಆದರೆ ಗೋಡೆಯ ಹೊದಿಕೆ ಕಾಂಕ್ರೀಟಿನಲ್ಲಿ ಹೂತರೆ ಮರದ ಚೌಕಟ್ಟು ನೀರು ಹೀರಿ ಕೊಳೆಯುತ್ತೆ. ಸೋರುವ ಮನೆಗಳಿಂದ ಆಕ್ಲೆಂಡ್ ಎಷ್ಟು ನಷ್ಟ ಅನುಭವಿಸಿದೆ ಅನ್ನೋದು ಅಲ್ಲಿರುವವರಿಗೆ ಹೇಳಬೇಕಾಗಿಲ್ಲ. ಬಾಗಿಲಿಗೆ ಪ್ರತ್ಯೇಕವಾದ, ಗೋಡೆ ಮುಟ್ಟದ ಒಂದು ಸಣ್ಣ ರ‍್ಯಾಂಪ್ ಮಾಡಿಸಿ.

ಲಾರಿ ಬಂದ ಮೇಲೆ ಗಮನಿಸಬೇಕಾದ್ದು ಒಂದೇ: ಹರಡೋಕೆ ಸುಲಭ ಆಗಲಿ ಅಂತ ಪೈಪಿನಿಂದ ನೀರು ಬೆರೆಸೋದು ಬೇಡ. ಬಲ ಇಳಿಯುತ್ತೆ, ಕುಗ್ಗುವಿಕೆ ಏರುತ್ತೆ. 30ಕ್ಕೆ ದುಡ್ಡು ಕೊಟ್ಟು 20 ತೆಗೆದುಕೊಳ್ಳೋ ಸುಲಭ ದಾರಿ ಇದೇ.

ಕ್ಯೂರಿಂಗ್ ವಿಷಯದಲ್ಲಿ ನಮ್ಮೂರಿನ ಪದ್ಧತಿ ಅಲ್ಲಿಗೆ ಪೂರ್ತಿ ಒಗ್ಗಲ್ಲ. ನಮ್ಮಲ್ಲಿ ಮೇಸ್ತ್ರಿ ಚಾವಣಿಯ ಮೇಲೆ ಸಣ್ಣ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸ್ತಾರೆ. ಜೇಡಿನೆಲದ ಮೇಲಿನ ಇಳಿಜಾರು ಚಪ್ಪಡಿಯಲ್ಲಿ ಆ ನೀರು ಜಾರಿ ಅಂಚಿನ ಮಣ್ಣಿಗೇ ಇಳಿಯುತ್ತೆ, ಇಷ್ಟು ಹೊತ್ತು ಕಾದುಕೊಂಡ ಅಂಚಿಗೆ ನಾವೇ ನೀರು ಕುಡಿಸಿದಂತೆ. ಆಕ್ಲೆಂಡಿನ ಗಾಳಿಯಲ್ಲಿ ಮೇಲ್ಮೈ ಬೇಗ ಒಣಗುತ್ತೆ ಅನ್ನೋದೂ ನಿಜ. ಪಾಲಿಥೀನ್ ಹಾಳೆ ಹೊದಿಸಿ ಅಂಚಿಗೆ ಹಲಗೆ ಹೇರಿ, 7 ದಿನ ಬಿಡಿ. ಕಾರನ್ನೂ ಆ 7 ದಿನ ಬೀದಿಯಲ್ಲೇ ನಿಲ್ಲಿಸಿ. ಭಾರದ ಲಾರಿ, ಮನೆ ಸಾಮಾನಿನ ವಾಹನಕ್ಕೆ 28 ದಿನ ಕಾಯಿರಿ.

ಕಾಗದಪತ್ರದ ವಿಷಯ ಚುಟುಕಾಗಿ. ಆಕ್ಲೆಂಡಿನ ಸಾಮಾನ್ಯ ವಸತಿ ವಲಯಗಳಲ್ಲಿ ನೀರು ಇಂಗದ ಮೇಲ್ಮೈ ಸೈಟಿನ 60 ಶೇಕಡಾ ದಾಟಬಾರದು ಅಂತ ನಗರದ ಯೋಜನೆಯ ನಿಯಮ. ಚಾವಣಿ, ಡ್ರೈವ್‌ವೇ ಎಲ್ಲ ಸೇರಿ. ಹೊಸ ಅಂಗಳದ 36 ಚದರ ಮೀಟರ್ ಸೇರಿಸಿ ಲೆಕ್ಕ ಹಾಕಿ ನೋಡಿ. ಕಾಲುದಾರಿ ದಾಟುವ ಹೊಸ ದಾರಿ ಬೇಕಾದರೆ ಆಕ್ಲೆಂಡ್ ಟ್ರಾನ್ಸ್‌ಪೋರ್ಟ್‌ನ ಅನುಮತಿ ಬೇರೆಯೇ ಬೇಕು. ತೋಡುವ ಮೊದಲು ಕೆಳಗೆ ಯಾವ ಕೊಳವೆ, ತಂತಿ ಇದೆ ಅಂತ ನಕ್ಷೆ ತರಿಸಿಕೊಳ್ಳಿ. ಮಳೆನೀರು ನೆರೆಮನೆಯ ಕಡೆ ಹೋಗದಂತೆ ಇಳಿಜಾರು ಇರಲಿ. 2023ರ ನಂತರ ಈ ವಿಷಯದಲ್ಲಿ ನೆರೆಹೊರೆಯವರು ಸುಮ್ಮನಿರಲ್ಲ, ಇರಬೇಕಾಗಿಯೂ ಇಲ್ಲ.

ಜಲ್ಲಿ ಕಾಣುವ ಮೇಲ್ಮೈ ಆಕ್ಲೆಂಡಿನಲ್ಲಿ ಬಹಳ ಜನಪ್ರಿಯ, ಒದ್ದೆಯಲ್ಲಿ ಜಾರಲ್ಲ, ವಾಕರಿಗೂ ಒಳ್ಳೆಯದು. ಅದಕ್ಕೆ ಮೇಲ್ಮೈಯ ಸಿಮೆಂಟ್ ಹಾಲನ್ನ ತೊಳೆದು ತೆಗೀಬೇಕು. ಆ ತೊಳೆದ ನೀರು ಸುಣ್ಣದ ನೀರಿನಷ್ಟೇ ಕ್ಷಾರ, ಪಿಎಚ್ 12ರ ಆಸುಪಾಸು. ಬೀದಿಯ ಚರಂಡಿ ಅಲ್ಲಿ ಶುದ್ಧೀಕರಣ ಘಟಕಕ್ಕೆ ಹೋಗಲ್ಲ, ನೇರ ಹೊಳೆಗೆ ಹೋಗುತ್ತೆ. ಬಾಟನಿಯ ಕಡೆಯ ನೀರು ಪಕುರಂಗ ಕ್ರೀಕಿಗೆ, ಅಲ್ಲಿಂದ ತಾಮಕಿ ಅಳಿವೆಗೆ. ಒಂದು ಅಂಗಳ ತೊಳೆದ ನೀರು ಒಂದು ಸಣ್ಣ ತೊರೆಯ ಮೀನು, ಹಾವುಮೀನುಗಳನ್ನ ಕೊಲ್ಲೋಕೆ ಸಾಕು. ಚರಂಡಿಯ ಬಾಯಿಗೆ ತಡೆ ಕಟ್ಟಿ, ತೊಳೆದ ನೀರನ್ನ ಹೀರಿ ತೆಗೆದು ಬೇರೆ ಕಡೆ ಸಾಗಿಸುವ ಏರ್ಪಾಡು ದರಪಟ್ಟಿಯಲ್ಲೇ ಇರಲಿ. ಕೆಲಸದ ದಿನ ಬೆಳಿಗ್ಗೆ ಲಾರಿ ಬರೋಕೆ ಮುಂಚೆ ಆ ತಡೆ ಜಾಗದಲ್ಲಿದೆಯಾ ಅಂತ ನೀವೇ ಒಮ್ಮೆ ಹೋಗಿ ನೋಡಿ ಬನ್ನಿ.